ಜಲ್ಲಿಗಿಂತ ಮೊದಲು ವೈರು

ಮಾಡೆಲ್ ರೈಲಿನ ಹಳಿ ಕೂತು, ಇಂಜಿನ್ ಒಂದು ಸುತ್ತು ಬಂದ ಕೂಡಲೇ ಕೈ ಜಲ್ಲಿ ಡಬ್ಬಿಗೆ ಹೋಗುತ್ತದೆ. ದಯವಿಟ್ಟು ತಡೆಯಿರಿ.

ಬರೀ ಹಳಿತುಂಡುಗಳನ್ನು ಜೋಡಿಸುವ ಲೋಹದ ಜಾಯಿನರ್‌ಗಳನ್ನು ನಂಬಿ ಕರೆಂಟ್ ಹರಿಸಿದರೆ, ಅವು ಬರಬರುತ್ತಾ ಸಡಿಲವಾಗಿ ಒಳಗೆ ಕಿಲುಬು ಕಟ್ಟುತ್ತದೆ. ದೂರದ ತಿರುವಿನಲ್ಲಿ ಇಂಜಿನ್ ತಡವರಿಸುತ್ತದೆ. ಜಲ್ಲಿಯ ಅಂಟು ಒಳಗಿಳಿದರೆ ಇನ್ನೂ ಬೇಗ. ಸುಮಾರು 90 ಸೆಂ.ಮೀ.ಗೊಂದು ಜೊತೆ ಹಳಿಗೆ ಕರೆಂಟ್ ತರುವ ಫೀಡರ್ ವೈರು ಬೆಸೆದು, ಬೋರ್ಡಿನಡಿಯ ದಪ್ಪ ಮುಖ್ಯ ವೈರಿಗೆ (ಬಸ್ ವೈರು) ಸೇರಿಸಿ. ಬೆಸುಗೆ ಹಳಿಯ ಹೊರಬದಿಗೇ ಇರಲಿ, ಒಳಗಿದ್ದರೆ ಚಕ್ರದ ಅಂಚು ಬಡಿಯುತ್ತದೆ. ಡಿಸಿಸಿ (ಇಂಜಿನ್‌ಗಳನ್ನು ಡಿಜಿಟಲ್ ಆಗಿ ನಡೆಸುವ ವ್ಯವಸ್ಥೆ) ಇದ್ದರೆ ಅಲ್ಲಲ್ಲಿ ಎರಡೂ ಹಳಿಗೆ ಅಡ್ಡಲಾಗಿ ನಾಣ್ಯ ಇಟ್ಟು ನೋಡಿ: ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ತಕ್ಷಣ ಟ್ರಿಪ್ ಆಗಬೇಕು. ಆಗದಿದ್ದರೆ ಅಲ್ಲಿ ವೈರಿಂಗ್ ಸಾಲದು.

ಬೆಟ್ಟ, ಸೇತುವೆಗಳ ಫೋಟೋ ಎಲ್ಲರೂ ಹಾಕುತ್ತಾರೆ. ಬೋರ್ಡಿನಡಿ ಬಣ್ಣಬಣ್ಣವಾಗಿ ಸಾಲುಗಟ್ಟಿದ ವೈರುಗಳ ಫೋಟೋ ಕಂಡರೆ ನನಗೆ ಅದಕ್ಕಿಂತ ಹೆಚ್ಚು ಖುಷಿ.

ಈಗ ಜಲ್ಲಿ. ಒಣಗಿದ್ದಾಗಲೇ ಕುಂಚದಿಂದ ಹಳಿಯಡಿಯ ಅಡ್ಡಪಟ್ಟಿಗಳ (ಸ್ಲೀಪರ್) ಮಟ್ಟಕ್ಕಿಂತ ತುಸು ಕೆಳಗೆ ಹರಡಿ. ಕರೆಂಟ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ. ಬೇಗ ಹೊತ್ತಿಕೊಳ್ಳುವ ವಸ್ತು, ಬೆಸುಗೆ ಕಡ್ಡಿ ಹತ್ತಿರ ಬೇಡ. ಆಮೇಲೆ 1 ಪಾಲು ಬಿಳಿ ಅಂಟು, 2 ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಡ್ರಾಪರ್‌ನಿಂದ ಬಿಡಿ. ಮೊದಲು ಒದ್ದೆ ಮಾಡದಿದ್ದರೆ ಅಂಟಿನ ಹನಿ ಉಂಡೆಯಾಗಿ ನಿಂತು ಜಲ್ಲಿಯಲ್ಲಿ ಗುಳಿ ತೋಡುತ್ತದೆ. ರೈಲು ಹಳಿ ಬದಲಿಸುವ ಪಾಯಿಂಟ್‌ನ ಥ್ರೋಬಾರ್ (ಅತ್ತಿತ್ತ ಸರಿಯುವ ಪಟ್ಟಿ) ಸುತ್ತ ಅಂಟು ಬೇಡವೇ ಬೇಡ. ಹಳಿಯ ತಲೆಯನ್ನು ಹಸಿಯಿರುವಾಗಲೇ ಒರೆಸಿ, ರಾತ್ರಿಯಿಡೀ ಒಣಗಲು ಬಿಡಿ.