ಕಿಟಕಿ ಸಾಲಿಗೊಂದು ಸ್ವಿಚ್ಚು

ನಮ್ಮ ಬಡಾವಣೆಯ ವಾಚನಾಲಯದಲ್ಲಿ ಹನ್ನೆರಡು ಟ್ಯೂಬ್‌ಲೈಟುಗಳಿವೆ. ಎರಡು ವರ್ಷಗಳ ಹಿಂದೆ ಚೋಕಿನ ಹಳೆಯ ದೀಪಗಳನ್ನು ತೆಗೆಸಿ ಎಲ್‌ಇಡಿ ಹಾಕಿಸಿದಾಗ, ವಿದ್ಯುತ್ ಉಳಿತಾಯದ ಕೆಲಸ ಅಲ್ಲಿಗೆ ಮುಗಿಯಿತೆಂದೇ ಸಮಿತಿಯವರೆಲ್ಲ, ಅವರಲ್ಲೊಬ್ಬನಾದ ನಾನೂ, ಭಾವಿಸಿದ್ದೆವು. 36 ವ್ಯಾಟ್‌ನ ಹಳೆಯ ಟ್ಯೂಬು ತಾಮ್ರದ ಚೋಕಿನ ಪಾಲೂ ಸೇರಿ ಐವತ್ತರ ಹತ್ತಿರ ಎಳೆಯುತ್ತಿತ್ತು; ಹೊಸದು 20 ವ್ಯಾಟ್‌ನದು. ಉಳಿತಾಯವೇನೋ ನಿಜ. ಆದರೆ ಹಗಲು ಹನ್ನೊಂದು ಗಂಟೆಗೆ, ಉತ್ತರದ ಕಿಟಕಿಗಳಿಂದ ಬೆಳಕು ಧಾರಾಳವಾಗಿ ಬರುತ್ತಿರುವಾಗಲೂ, ಹನ್ನೆರಡೂ ದೀಪಗಳು ಉರಿಯುತ್ತಲೇ ಇರುತ್ತಿದ್ದವು.

ಇದು ಗ್ರಂಥಪಾಲಕರ ಉದಾಸೀನವೆಂದು ತಿಳಿದಿದ್ದ ನಾನು, ಸ್ವಿಚ್‌ಬೋರ್ಡಿನ ಮುಂದೆ ನಿಂತು ಒಂದೊಂದನ್ನೇ ಒತ್ತಿ ನೋಡಿದ ದಿನ ನಾಚಿಕೊಂಡೆ. ಪ್ರತಿ ಸ್ವಿಚ್ಚಿಗೂ ಮೂರು ದೀಪಗಳು: ಕಿಟಕಿಯ ಬಳಿಯದೊಂದು, ನಡುವಿನದೊಂದು, ಹಿಂಗೋಡೆಯ ಬಳಿಯದೊಂದು. ಹಿಂದೆ ಕುಳಿತು ಪತ್ರಿಕೆ ಓದುವ ಹಿರಿಯರಿಗೆ ದೀಪ ಬೇಕೆಂದರೆ ಕಿಟಕಿಯ ಪಕ್ಕದ ದೀಪವೂ ಉರಿಯಲೇಬೇಕು. ಬೆಳಕಿನ ಪ್ರಮಾಣವನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುವ ಮೀಟರು ತಂದು ಮೇಜುಗಳ ಮೇಲಿಟ್ಟು ಅಳೆದರೆ, ದೀಪವಿಲ್ಲದೆಯೇ ಕಿಟಕಿಯ ಬಳಿ 900, ನಡುವೆ 260, ಹಿಂಗೋಡೆಯ ಹತ್ತಿರ ಬರೀ 70. ಓದಲು ಸುಮಾರು 300 ಲಕ್ಸ್ ಸಾಕು. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಒಂದೂವರೆ ಪಟ್ಟು ದೂರದವರೆಗೆ ಹಗಲು ಬೆಳಕು ಉಪಯೋಗಕ್ಕೆ ಬರುತ್ತದೆಂಬುದು ವಿನ್ಯಾಸಕಾರರ ಅಂದಾಜು. ಏಳಡಿ ಎತ್ತರದಲ್ಲಿ ಲಿಂಟಲ್ (ಕಿಟಕಿಯ ಮೇಲಂಚಿನ ತೊಲೆ) ಇರುವ ನಮ್ಮ ಕೋಣೆಯಲ್ಲಿ ಅದು ಹತ್ತೂವರೆ ಅಡಿಗೆ ಮುಗಿಯುತ್ತದೆ, ಮೀಟರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ದೀಪಗಳ ಸಾಲು ಕಿಟಕಿಗೆ ಸಮಾನಾಂತರವಾಗಿರಬೇಕು, ಸಾಲಿಗೊಂದು ಸ್ವಿಚ್ಚಿರಬೇಕು. 2007ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯೇ, 25 ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ಹಗಲು ಬೆಳಕು ಬೀಳುವಂತಿದ್ದರೆ ಅಲ್ಲಿನ ದೀಪಗಳಿಗೆ ಪ್ರತ್ಯೇಕ ನಿಯಂತ್ರಣ ಬೇಕೆಂದು ಹೇಳಿತ್ತು. ಅದು ದೊಡ್ಡ ವಾಣಿಜ್ಯ ಕಟ್ಟಡಗಳಿಗೆಂದು ಬರೆದದ್ದು, ನಮ್ಮಂಥ ಒಂದು ಕೋಣೆಯ ವಾಚನಾಲಯಕ್ಕೆ ಅನ್ವಯಿಸದು. ಯಾರೂ ಕೇಳದಿದ್ದರೆ ಎಲೆಕ್ಟ್ರಿಷಿಯನ್ ವೈರಿನ ಪೈಪು ಕಡಿಮೆ ಹಿಡಿಯುವ ದಾರಿಯನ್ನೇ ಹಿಡಿಯುತ್ತಾನೆ. ತಪ್ಪು ಅವನದಲ್ಲ, ನಕ್ಷೆಯಲ್ಲಿ ದೀಪಗಳ ಜಾಗ ಗುರುತಿಸಿ, ಯಾವ ಸ್ವಿಚ್ಚಿಗೆ ಯಾವ ದೀಪವೆಂದು ಬರೆಯದೆ ಬಿಟ್ಟವರದು. ಎಸಿ ಇರುವ ಕಚೇರಿಗಳಲ್ಲಂತೂ ಇದು ಎರಡು ಕಡೆಯಿಂದ ನಷ್ಟ, ಏಕೆಂದರೆ ದೀಪ ಕುಡಿದ ವಿದ್ಯುತ್ತೆಲ್ಲ ಕೊನೆಗೆ ಕೋಣೆಯ ಶಾಖವಾಗಿ, ಅದನ್ನು ಹೊರಹಾಕಲು ಎಸಿ ಮತ್ತಷ್ಟು ದುಡಿಯಬೇಕಾಗುತ್ತದೆ.

ಕಾಂಕ್ರೀಟಿನೊಳಗೆ ಹೂತ ವೈರಿನ ಪೈಪನ್ನು ಮುಟ್ಟುವಂತಿರಲಿಲ್ಲವಾದ್ದರಿಂದ ಕಿಟಕಿ ಸಾಲಿನ ನಾಲ್ಕು ದೀಪಗಳಿಗೆ ಗೋಡೆಯ ಹೊರಮೈಗೆ ಕೂರಿಸುವ ಕೇಸಿಂಗ್ ಕ್ಯಾಪಿಂಗ್ ಪಟ್ಟಿಯಲ್ಲಿ ಬೇರೆ ಲೈನು ಎಳೆಸಿದೆವು. ನೋಡಲು ಅಷ್ಟೇನೂ ಚೆನ್ನಾಗಿಲ್ಲ. ಆಷಾಢದ ಮೋಡದ ದಿನಗಳನ್ನೂ ರಜೆಗಳನ್ನೂ ಬಿಟ್ಟು ವರ್ಷಕ್ಕೆ 250 ದಿನ, ದಿನಕ್ಕೆ ಎಂಟು ಗಂಟೆ ಆರಿಸಿದರೂ 160 ಯೂನಿಟ್ ಉಳಿಯುತ್ತದೆ. ಹಗಲು ಬೆಳಕು ನೋಡಿ ದೀಪವನ್ನು ತಾನೇ ಆರಿಸುವ ಸೆನ್ಸರ್ ಹಾಕಿಸೋಣವೆಂದು ಒಬ್ಬರು ಸೂಚಿಸಿದರು. ನಾಲ್ಕು ದೀಪಕ್ಕೆ ಅದು ಅತಿಯಾಯಿತೆಂದು ನಾನೇ ಬೇಡವೆಂದೆ. ಗ್ರಂಥಪಾಲಕರು ಹೊಸ ಸ್ವಿಚ್ಚಿನ ಮೇಲೆ ‘ಕಿಟಕಿ’ ಎಂದು ಬರೆದ ಚೀಟಿ ಅಂಟಿಸಿದ್ದಾರೆ. ಹಿಂಗೋಡೆಗೆ ಎದೆಯೆತ್ತರದವರೆಗೆ ಬಳಿದಿರುವ, ಬೆಳಕು ನುಂಗುವ ಕಡುಗಂದು ಆಯಿಲ್ ಪೇಂಟಿನ ಮೇಲೆ ಈಗ ನನ್ನ ಕಣ್ಣಿದೆ. ಅದನ್ನು ಬಿಳಿ ಮಾಡಿಸುವ ಮಾತು ಮುಂದಿನ ಸಭೆಗೆ ಬರಲಿದೆ.