ಬೈಲಕುಪ್ಪೆಯ ತ್ಸಾಂಪಾ, ಮೈಸೂರಿನ ಗೋಧಿ ಬಿಯರ್

ಮಂಡ್ಯದವರಾದ ನಮಗೆ ಮೈಸೂರು ದೂರದ ಊರಲ್ಲ. ದಸರೆಗೆ, ಮದುವೆಯ ಜವಳಿಗೆ, ಆಸ್ಪತ್ರೆಗೆ ಎಂದು ವರ್ಷಕ್ಕೆ ಹತ್ತು ಸಲ ಹೋಗಿ ಬರುತ್ತೇವೆ. ಈ ಸಲ ಎರಡು ದಿನ ಬಿಡುವು ಮಾಡಿಕೊಂಡು ಭಾವನವರೊಂದಿಗೆ ಹೊರಟಾಗ ನನ್ನ ಉದ್ದೇಶ ಬೇರೆಯೇ ಆಗಿತ್ತು. ಮೈಸೂರು ಜಿಲ್ಲೆಯ ಗಡಿ ದಾಟದೆ, ಬೇರೆ ನಾಡುಗಳವರು ಕಾಳುಕಡಿಯನ್ನು ಹೇಗೆ ಉಣ್ಣುತ್ತಾರೆ, ಹೇಗೆ ಕುಡಿಯುತ್ತಾರೆ ಎಂಬುದನ್ನು ನಿಧಾನವಾಗಿ ನೋಡಬೇಕೆಂದು ನಿಶ್ಚಯಿಸಿದ್ದೆ. ಭಾವನವರು ಮದ್ಯ ಮುಟ್ಟುವವರಲ್ಲ. ಆದ್ದರಿಂದ ಕಾರು ಓಡಿಸುವ ಹೊಣೆಯನ್ನು ಅವರೇ ಹೊತ್ತರು.

ಮೊದಲ ಬೆಳಿಗ್ಗೆ ಗೋಕುಲಂ ಬಡಾವಣೆಯಲ್ಲಿ ತಿಂಡಿ ತಿಂದೆವು. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗವನ್ನು ಕಲಿಯಲು ಬರುವ ವಿದೇಶಿಯರಿಗಾಗಿ ಅಲ್ಲಿನ ಮನೆಗಳ ಮುಂಗೋಣೆ, ಮಹಡಿಗಳಲ್ಲಿ ಪುಟ್ಟ ಕೆಫೆಗಳು ಹುಟ್ಟಿಕೊಂಡಿವೆ. ನಮಗೆ ಸಿಕ್ಕಿದ್ದು ಹಮ್ಮಸ್ ಎಂಬ ಅರಬ್ ನಾಡುಗಳ ಕಡಲೆ ಚಟ್ನಿ ಮತ್ತು ಹುಳಿ ಬ್ರೆಡ್ಡು. ಪೇಟೆಯ ಯೀಸ್ಟ್ ಹಾಕದೆ, ಹಿಟ್ಟನ್ನು ನೀರಿನಲ್ಲಿ ಕಲಸಿಟ್ಟು ಅದು ತಾನಾಗಿ ಹುದುಗಲು ಬಿಟ್ಟು, ಆ ಹುದುಗನ್ನೇ ದಿನದಿನವೂ ಬೆಳೆಸುತ್ತ ಮಾಡುವ ಬ್ರೆಡ್ಡು ಅದು. ಒಂದು ತುಂಡು ಮುರಿದು ಮೂಸಿ ನೋಡಿದ ಭಾವನವರು, "ನೆನ್ನೆ ರುಬ್ಬಿದ ದೋಸೆ ಸಂಪಣದ ವಾಸನೆ ಕಣಯ್ಯ" ಎಂದರು. ಅವರ ಮಾತು ಸರಿಯಾಗಿತ್ತು, ಏಕೆಂದರೆ ಎರಡಕ್ಕೂ ಹುಳಿ ಕೊಡುವುದು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುವ ಬ್ಯಾಕ್ಟೀರಿಯಾಗಳೇ.

ಅಲ್ಲಿಂದ ಹುಣಸೂರು, ಪಿರಿಯಾಪಟ್ಟಣದ ದಾರಿಯಲ್ಲಿ ಸುಮಾರು 80 ಕಿ.ಮೀ. ಸಾಗಿ ಬೈಲಕುಪ್ಪೆ ತಲುಪಿದೆವು. ಟಿಬೆಟ್ ಬಿಟ್ಟು ಬಂದವರಿಗಾಗಿ ಅಂದಿನ ಮೈಸೂರು ರಾಜ್ಯ ಕೊಟ್ಟ ಭೂಮಿಯಲ್ಲಿ 1961ರಲ್ಲಿ ಈ ನೆಲೆ ಆರಂಭವಾಯಿತು. ಪ್ರವಾಸಿಗರೆಲ್ಲ ನೋಡುವ ಚಿನ್ನದ ದೇಗುಲವನ್ನು ನಾವೂ ನೋಡಿ ಕೈಮುಗಿದು, ಹೊತ್ತು ಕಳೆಯದೆ ಒಂದು ಸಣ್ಣ ಹೋಟೆಲಿನ ಬೆಂಚಿನ ಮೇಲೆ ಕುಳಿತೆವು. ಮೊಮೊ ಈಗ ಮಂಡ್ಯದ ರಸ್ತೆ ಬದಿಯಲ್ಲೂ ಸಿಗುವುದರಿಂದ ಅದನ್ನು ಬಿಟ್ಟು, ತುಕ್ಪಾ ಮತ್ತು ಟಿಂಗ್ಮೊ ಹೇಳಿದೆವು. ತುಕ್ಪಾ ಎಂದರೆ ತರಕಾರಿಯ ತಿಳಿಸಾರಿನಲ್ಲಿ ಬೆಂದ ಉದ್ದನೆಯ ಹಿಟ್ಟಿನ ಎಳೆಗಳು. ಟಿಂಗ್ಮೊ ಎಂದರೆ ಮಡಿಕೆ ಮಡಿಕೆಯಾಗಿ ಸುತ್ತಿ ಹಬೆಯಲ್ಲಿ ಬೇಯಿಸಿದ ಮೈದಾ ರೊಟ್ಟಿ. ಉಪ್ಪು, ಬೆಣ್ಣೆ ಹಾಕಿ ಕಡೆದ ಚಹಾ ಮೊದಲ ಗುಟುಕಿಗೆ ಒಗ್ಗುವುದಿಲ್ಲ. ಸಕ್ಕರೆ ಹಾಕಿದ ಚಹಾದ ನೆನಪನ್ನು ಬದಿಗಿಟ್ಟು, ಅದನ್ನು ಬಿಸಿ ಸಾರೆಂದು ಭಾವಿಸಿ ಕುಡಿದಾಗ ಮಾತ್ರ, ಮೈ ಕೊರೆಯುವ ಚಳಿಯ ಎತ್ತರದ ನಾಡಿನಲ್ಲಿ ಅದು ಏಕೆ ಬೇಕಾಗುತ್ತದೆಂದು ತಿಳಿಯುತ್ತದೆ.

ನಾನು ಅಷ್ಟು ದೂರ ಹೋದದ್ದು ತ್ಸಾಂಪಾಕ್ಕಾಗಿ. ಜವೆಗೋಧಿಯನ್ನು (ಬಾರ್ಲಿ) ಕಾದ ಮರಳಿನಲ್ಲಿ ಹುರಿದು, ಜರಡಿ ಹಿಡಿದು, ಬೀಸಿದ ಹಿಟ್ಟು ಅದು. ಹೋಟೆಲಿನ ಹಿರಿಯ ಹೆಂಗಸು ಬಟ್ಟಲಿನಲ್ಲಿದ್ದ ಬೆಣ್ಣೆ ಚಹಾಕ್ಕೆ ಆ ಹಿಟ್ಟು ಸುರಿದು, ಬೆರಳ ತುದಿಯಿಂದ ಕಲಸಿ ಉಂಡೆ ಕಟ್ಟಿ ಕೈಗಿತ್ತರು. ಬಾಯಿಗಿಟ್ಟ ಕೂಡಲೇ ನನಗೆ ಮನೆಯ ರಾಗಿ ಹುರಿಹಿಟ್ಟು ಕಣ್ಣ ಮುಂದೆ ಬಂತು. ಧಾನ್ಯ ಬೇರೆ, ಆದರೆ ಒಲೆಯ ಮುಂದೆ ಮತ್ತೆ ಕೂರದೆ, ಕಲಸಿದೊಡನೆ ಉಣ್ಣಲೆಂದು ಮೊದಲೇ ಹುರಿದಿಟ್ಟುಕೊಳ್ಳುವ ಜಾಣ್ಮೆ ಒಂದೇ. ಬಿಯರಿನ ಮಾತು ತೆಗೆದಾಗ ಅವರು ಸ್ವಚ್ಛ ಕನ್ನಡದಲ್ಲಿ ಛಾಂಗ್ ಎಂಬ ಟಿಬೆಟಿನ ಬಿಯರ್ ಮಾಡುವ ಬಗೆ ವಿವರಿಸಿದರು. ಬೇಯಿಸಿದ ಜವೆಗೋಧಿಯನ್ನು ಬಟ್ಟೆಯ ಮೇಲೆ ಹರಡಿ ಆರಿಸಬೇಕು. ಫಾಬ್ ಎಂಬ ಒಣ ಹುದುಗಿನ ಬಿಲ್ಲೆಯನ್ನು ಪುಡಿಮಾಡಿ ಬೆರೆಸಬೇಕು. ಕಂಬಳಿ ಸುತ್ತಿ ಬೆಚ್ಚಗಿಟ್ಟು, ಕೆಲವು ದಿನಗಳ ನಂತರ ಸಿಹಿಹುಳಿ ವಾಸನೆ ಬಂದಾಗ ನೀರು ಹೊಯ್ದು ಸೋಸಬೇಕು. ಟಿಬೆಟಿನ ಹೊಸವರ್ಷದ ಲೋಸಾರ್ ಹಬ್ಬ ಮುಗಿದು ಬಹಳ ದಿನಗಳಾಗಿದ್ದರಿಂದ ಕುಡಿಯಲು ಸಿಗಲಿಲ್ಲ.

ಮರುದಿನ ಮಧ್ಯಾಹ್ನ ಮೈಸೂರಿನ ಹೊರವಲಯದಲ್ಲಿ, ತನ್ನ ಬಿಯರನ್ನು ತಾನೇ ತಯಾರಿಸುವ ಒಂದು ಊಟದ ಮನೆಗೆ ಹೋದೆವು. ಬಿಯರ್ ತಯಾರಿಸುವ ತರುಣ ನಮ್ಮ ಆಸಕ್ತಿ ಕಂಡು ಉಕ್ಕಿನ ಹಂಡೆಗಳ ಬಳಿಗೆ ಕರೆದೊಯ್ದರು. ಛಾಂಗ್‌ಗೂ ಯೂರೋಪಿನ ಬಿಯರಿಗೂ ಇರುವ ಮುಖ್ಯ ಅಂತರ ಅಲ್ಲಿ ನನಗೆ ಸ್ಪಷ್ಟವಾಯಿತು. ಛಾಂಗ್‌ನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವುದು ಫಾಬ್‌ನೊಳಗಿನ ಬೂಷ್ಟು. ಇಲ್ಲಿ ಆ ಕೆಲಸ ಮಾಡುವುದು ಧಾನ್ಯದ ಮೊಳಕೆಯೇ. ಜವೆಗೋಧಿಯನ್ನು ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ, ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆಯಷ್ಟು ಹೊತ್ತು ಇಟ್ಟರೆ ನೀರು ಸಿಹಿಯಾಗುತ್ತದೆ. ಆ ಸಿಹಿನೀರನ್ನು ಕಹಿ ಕೊಡುವ ಹಾಪ್ಸ್ ಹೂವಿನೊಂದಿಗೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಕಂದಮ್ಮಗಳಿಗೆ ಮೊಳಕೆ ರಾಗಿಯ ಸರಿ ಕಾಯಿಸುವ ನಮ್ಮ ತಾಯಂದಿರು ಇದರ ಮೊದಲರ್ಧವನ್ನು ಚೆನ್ನಾಗಿ ಬಲ್ಲರು.

ನಾಲ್ಕು ಪುಟ್ಟ ಲೋಟಗಳಲ್ಲಿ ನಾಲ್ಕು ಬಗೆ ಬಂದವು. ನನ್ನ ಮನಸ್ಸು ನಿಂತದ್ದು ಜರ್ಮನಿಯ ಬವೇರಿಯಾ ಶೈಲಿಯ ಗೋಧಿ ಬಿಯರಿನಲ್ಲಿ. ಮಬ್ಬು ಹಳದಿ ಬಣ್ಣ, ದಪ್ಪ ನೊರೆ, ಮೂಗಿಗೆ ಹತ್ತಿರ ತಂದರೆ ಮಾಗಿದ ನಂಜನಗೂಡು ರಸಬಾಳೆಯ ಪರಿಮಳ, ಅದರ ಹಿಂದೆ ಲವಂಗ. "ಸರ್, ಬಾಳೆಹಣ್ಣೂ ಹಾಕಿಲ್ಲ, ಲವಂಗವೂ ಹಾಕಿಲ್ಲ, ಎಲ್ಲಾ ಯೀಸ್ಟ್ ಕೆಲಸ" ಎಂದರು ಆ ತರುಣ. ಬವೇರಿಯಾದ 1516ರ ಕಟ್ಟಳೆ ಬಿಯರಿಗೆ ಜವೆಗೋಧಿ, ಹಾಪ್ಸ್, ನೀರು ಈ ಮೂರನ್ನೇ ಹೇಳಿತ್ತು. ಆ ಪಟ್ಟಿಯಲ್ಲಿ ಗೋಧಿ ಇರಲಿಲ್ಲ; ಗೋಧಿ ಬಿಯರ್ ತಯಾರಿಸುವ ಹಕ್ಕು ಮುಂದೆ ಬಹುಕಾಲ ಅಲ್ಲಿನ ಅರಸು ಮನೆತನದ ಕೈಯಲ್ಲೇ ಇತ್ತು. ಬೆಲ್ಜಿಯಂ ಬಗೆಯ ಗೋಧಿ ಬಿಯರಿಗಾದರೋ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೂ ಹಾಕುತ್ತಾರೆ. ಕೊತ್ತಂಬರಿ ತುಸು ಹೆಚ್ಚಾಗಿ, ಅದು ನನಗೆ ಸಾರಿನ ಪುಡಿಯನ್ನು ನೆನಪಿಸಿತು. 1842ರಲ್ಲಿ ಬೊಹೀಮಿಯಾದ (ಇಂದಿನ ಚೆಕ್ ದೇಶದ ಭಾಗ) ಪಿಲ್ಸೆನ್ ಊರಿನಲ್ಲಿ ಹುಟ್ಟಿದ ಹೊಂಬಣ್ಣದ ಪಿಲ್ಸ್ನರ್ ತಿಳಿಯಾಗಿ, ಕಹಿಯಾಗಿ ಇತ್ತು. ಕಪ್ಪು ಸ್ಟೌಟ್‌ಗೆ ಸಕ್ಕರೆ ಹಾಕದ ಕಾಫಿ ಡಿಕಾಕ್ಷನ್ನಿನ ರುಚಿ. ಇದು ಆಕಸ್ಮಿಕವಲ್ಲ, ಏಕೆಂದರೆ ಅದಕ್ಕೆ ಕಪ್ಪಗೆ ಹುರಿದ ಮಾಲ್ಟ್, ಎಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ಹಾಕುತ್ತಾರೆ. ಇಂಗ್ಲೆಂಡಿನ ಡೇನಿಯಲ್ ವ್ಹೀಲರ್ 1817ರಲ್ಲಿ ಹಕ್ಕುಪತ್ರ ಪಡೆದ ಮಾಲ್ಟ್ ಹುರಿಯುವ ಯಂತ್ರವೂ ಕಾಫಿ ಬೀಜ ಹುರಿಯುವ ಯಂತ್ರದಂತೆ ತಿರುಗುವ ಉರುಳೆಯೇ ಆಗಿತ್ತು. ಎಲ್ಲವನ್ನೂ ಮಂಜುಗಡ್ಡೆಯಷ್ಟು ತಣ್ಣಗೆ ಕೊಡುವ ರೂಢಿಯನ್ನು ಮಾತ್ರ ನಾನು ಒಪ್ಪಲಾರೆ. ಲೋಟವನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದ ಮೇಲೆಯೇ ಸ್ಟೌಟ್ ತನ್ನ ಹುರಿದ ಪರಿಮಳವನ್ನು ಬಿಟ್ಟುಕೊಟ್ಟಿತು.

ಸಂಜೆ ಮಂಡ್ಯದ ದಾರಿಯಲ್ಲಿ ನಮ್ಮ ಮಾತು ರಾಗಿಗೆ ತಿರುಗಿತು. ಪೂರ್ವ ಆಫ್ರಿಕಾದ ಎತ್ತರದ ನಾಡುಗಳೇ ರಾಗಿಯ ತವರು. ಉಗಾಂಡದಲ್ಲಿ ಇಂದಿಗೂ ಅದರಿಂದ ಮಲ್ವಾ ಎಂಬ ಬಿಯರ್ ಮಾಡಿ, ಗಡಿಗೆಯ ಸುತ್ತ ಕುಳಿತು ಉದ್ದನೆಯ ಕೊಳವೆಗಳಿಂದ ಹೀರುತ್ತಾರೆ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ದುಡಿದ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಗೊಳಿಸಿ ಪಡೆದ ತಳಿಗಳಿಗೆ, ಎರಡೂ ನೆಲಗಳ ಹೆಸರು ಕೂಡುವಂತೆ 'ಇಂಡಾಫ್' ಎಂದು ಕರೆದರು. ನಮ್ಮ ತಂದೆಯವರು ಅದೇ ಇಂಡಾಫ್ ಬಿತ್ತುತ್ತಿದ್ದರೆಂದು ಭಾವನವರಿಗೆ ಹೇಳಿದೆ.

ಮನೆ ತಲುಪಿದ ಮೇಲೆ ಬೈಲಕುಪ್ಪೆಯಿಂದ ತಂದ ತ್ಸಾಂಪಾ ಪೊಟ್ಟಣವನ್ನು ಅವ್ವನ ಕೈಗೆ ಕೊಟ್ಟೆ. ಅವಳು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು, "ಹುರಿದಿರೋದು ಹದವಾಗಿ ಅದೆ" ಎಂದು ಹೇಳಿ, ಬೆಲ್ಲದ ಡಬ್ಬಿ ತರಲು ಒಳಗೆ ಹೋದಳು.