ಈಮ್‌ಗೆ ಹೋದರೆ ಊರಂಚಿನ ಕಲ್ಲಿನವರೆಗೂ ಹೋಗಿ

ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ. ಮ್ಯಾಪಿನಲ್ಲಿ ಇಂಗ್ಲಿಷ್ ಅಕ್ಷರ ನೋಡಿದರೆ ನಾವು ‘ಎಯಾಮ್’ ಅಂತ ಓದುತ್ತೇವೆ. ಅಲ್ಲಿಯವರು ಅನ್ನುವುದು ‘ಈಮ್’. ಬಸ್ ಡ್ರೈವರ್ ಹತ್ತಿರ ನಾನು ಎರಡು ಸಲ ಎಯಾಮ್ ಅಂದೆ, ಅವರಿಗೆ ತಿಳಿಯಲಿಲ್ಲ. ನೀವು ಈಮ್ ಅಂತಲೇ ಟಿಕೆಟ್ ಕೇಳಿ.

ಇದು ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಪೀಕ್ ಡಿಸ್ಟ್ರಿಕ್ಟ್‌ನ ಬೆಟ್ಟಗಳ ನಡುವೆ ಇರುವ ಸಣ್ಣ ಊರು. 1665ರಲ್ಲಿ ಇಲ್ಲಿಗೆ ಪ್ಲೇಗ್ ಬಂತು. ಅಕ್ಕಪಕ್ಕದ ಊರುಗಳಿಗೆ ಹರಡಬಾರದು ಅಂತ ಜನ ತಮ್ಮ ಊರನ್ನೇ ಮುಚ್ಚಿಕೊಂಡು ಒಳಗೆ ಉಳಿದರು. 14 ತಿಂಗಳಲ್ಲಿ ಸುಮಾರು 260 ಜನ ಸತ್ತರು. ಆ ಮನೆಗಳು, ಗೋರಿಗಳು, ಗಡಿಯ ಕಲ್ಲು ಎಲ್ಲವೂ ಇವತ್ತಿಗೂ ಅಲ್ಲಿವೆ.

ಹೋದ ಜೂನ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ 69 ವರ್ಷ, ಮಂಡಿ ನೋವು ಬೇರೆ. ತಿಪಟೂರಿನಿಂದ ಶೆಫೀಲ್ಡ್‌ಗೆ ನಮ್ಮ ಮನೆಗೆ ಬಂದು ಒಂದು ತಿಂಗಳಾಗಿತ್ತು. ಲಂಡನ್ನಿನ ಅರಮನೆ, ಸೇತುವೆ ಎಲ್ಲ ನೋಡಿಯಾಗಿತ್ತು. "ದೊಡ್ಡ ದೊಡ್ಡ ಊರು ಸಾಕು ಕಣೋ, ಒಂದು ಹಳ್ಳಿ ತೋರ್ಸು" ಅಂದಳು. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ, ಅವರಿಗೊಂದು ಹಳ್ಳಿ ತೋರಿಸಬೇಕು ಅಂತಿದ್ದರೆ, ಈಮ್‌ಗೆ ಕರೆದುಕೊಂಡು ಹೋಗಿ. ಒಂದು ದಿನ ಪೂರ್ತಿ ಇಟ್ಟುಕೊಳ್ಳಿ. ಹೆಚ್ಚಿನವರು ಎರಡು ಗಂಟೆಯಲ್ಲಿ ಮುಗಿಸಿಕೊಂಡು ಹೊರಟುಬಿಡುತ್ತಾರೆ, ಆಗ ಊರಂಚಿನ ಜಾಗಗಳು ತಪ್ಪಿಹೋಗುತ್ತವೆ.

ಕಾರಿದ್ದರೆ ಕಷ್ಟವೇನಿಲ್ಲ. ಮ್ಯೂಸಿಯಂ ಎದುರಿಗೇ ಪಾರ್ಕಿಂಗ್ ಇದೆ, ಬೆಳಿಗ್ಗೆ ಬೇಗ ಹೋದರೆ ಜಾಗ ಸಿಗುತ್ತದೆ. ನಾವು ಶೆಫೀಲ್ಡ್‌ನಿಂದ ಬಸ್ಸಿನಲ್ಲಿ ಹೋದೆವು. ಮ್ಯಾಂಚೆಸ್ಟರ್ ಕಡೆಯಿಂದ ಬರುವವರು ಹೋಪ್ ವ್ಯಾಲಿ ರೈಲಿನಲ್ಲಿ ಬಂದು ಗ್ರಿಂಡಲ್‌ಫರ್ಡ್ ಸ್ಟೇಷನ್ನಿನಲ್ಲಿ ಇಳಿಯಬಹುದು. ಅಲ್ಲಿಂದ ಈಮ್ ಹೆಚ್ಚುಕಮ್ಮಿ 3 ಮೈಲಿ. ಆದರೆ ಏರುದಾರಿ. ವಯಸ್ಸಾದವರನ್ನು ನಡೆಸಬೇಡಿ, ಟ್ಯಾಕ್ಸಿಗೆ ಮೊದಲೇ ಹೇಳಿಟ್ಟಿರಿ.

ಬಸ್ಸಿನಲ್ಲಿ ಹೋಗುವವರಿಗೆ ಒಂದು ಮಾತು. ನಾವು ಭಾನುವಾರ ಹೋದೆವು. ಬರುವಾಗಿನ ಬಸ್ ಸಮಯವನ್ನು ನಾನು ಸರಿಯಾಗಿ ನೋಡಿಕೊಂಡಿರಲಿಲ್ಲ. ಸ್ಟಾಪಿನಲ್ಲಿ ಒಂದು ಗಂಟೆಗಿಂತ ಜಾಸ್ತಿ ಕಾದೆವು, ಅಮ್ಮನಿಗೆ ಚಳಿಯಾಯಿತು. ಜೂನ್ ತಿಂಗಳಲ್ಲೂ ಆ ಬೆಟ್ಟದ ಮೇಲೆ ಗಾಳಿ ತಣ್ಣಗಿರುತ್ತದೆ. ಹೊರಡುವ ಮೊದಲೇ ವಾಪಸ್ ಬಸ್ಸಿನ ಸಮಯ ಬರೆದಿಟ್ಟುಕೊಳ್ಳಿ. ಒಂದು ಸ್ವೆಟರ್, ಒಂದು ಮಳೆ ಜರ್ಕಿನ್ ಇರಲಿ. ಫೋನಿಗೆ ಎಲ್ಲ ಕಡೆ ಸಿಗ್ನಲ್ ಸಿಗುವುದಿಲ್ಲ, ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡಿರಿ.

ಮ್ಯೂಸಿಯಂ ಮೊದಲು ನೋಡಿ. ಕಥೆ ತಿಳಿದುಕೊಂಡು ಊರು ಸುತ್ತಿದರೆ ಒಂದೊಂದು ಮನೆಯೂ ಮಾತಾಡುತ್ತದೆ. 1994ರಲ್ಲಿ ಶುರುವಾದ ಈ ಮ್ಯೂಸಿಯಂ ಅನ್ನು ಸ್ವಯಂಸೇವಕರೇ ನಡೆಸುತ್ತಾರೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಉಳಿದ ತಿಂಗಳಲ್ಲೂ ವಾರವೆಲ್ಲ ತೆರೆದಿರುವುದಿಲ್ಲ. ದಿನ ನೋಡಿಕೊಂಡು ಹೋಗಿ.

ಕಥೆ ಶುರುವಾಗುವುದು ಒಂದು ಬಟ್ಟೆ ಗಂಟಿನಿಂದ. ಊರಿನ ದರ್ಜಿಗೆ ಲಂಡನ್ನಿನಿಂದ ಬಟ್ಟೆ ಬಂತು. ಒದ್ದೆಯಾಗಿತ್ತು ಅಂತ ಜಾರ್ಜ್ ವಿಕರ್ಸ್ ಅನ್ನುವ ಕೆಲಸದವನು ಅದನ್ನು ಬಿಚ್ಚಿ ಒಲೆಯ ಮುಂದೆ ಹರವಿದ. ಬಟ್ಟೆಯಲ್ಲಿದ್ದ ಚಿಗಟಗಳಿಂದ ರೋಗ ಬಂತು ಅನ್ನುತ್ತಾರೆ. ಕೆಲವೇ ದಿನಗಳಲ್ಲಿ ಅವನು ಸತ್ತ. 1665ರ ಸೆಪ್ಟೆಂಬರ್ 7ರಂದು ಅವನನ್ನು ಹೂಳಿದರು. ಚಳಿಗಾಲದಲ್ಲಿ ಸಾವು ಕಡಿಮೆಯಾಯಿತು. ಮುಂದಿನ ಬೇಸಿಗೆಗೆ ಮತ್ತೆ ಏರಿತು.

1666ರ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಊರನ್ನು ಮುಚ್ಚೋಣ ಅಂದ. ಅವನು ಚಿಕ್ಕ ವಯಸ್ಸಿನವನು, ಊರಿಗೆ ಹೊಸಬ. ಜನಕ್ಕೆ ನಂಬಿಕೆ ಇದ್ದದ್ದು ಹಳೇ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಮೇಲೆ. ಚರ್ಚಿನ ಹೊಸ ಕಾನೂನಿಗೆ ಒಪ್ಪಲಿಲ್ಲ ಅಂತ ಸ್ಟ್ಯಾನ್ಲಿಯನ್ನು ಆ ಕೆಲಸದಿಂದ ತೆಗೆದಿದ್ದರು. ಇಬ್ಬರ ನಂಬಿಕೆಗಳೂ ಬೇರೆ ಬೇರೆ. ಆದರೂ ಇಬ್ಬರೂ ಜೊತೆಯಾಗಿ ನಿಂತು ಜನರನ್ನು ಒಪ್ಪಿಸಿದರು. ಚರ್ಚಿಗೆ ಬೀಗ ಹಾಕಿ, ಕಕ್‌ಲೆಟ್ ಡೆಲ್ಫ್ ಅನ್ನುವ ಬಯಲಿನಲ್ಲಿ ದೂರ ದೂರ ನಿಂತು ಪ್ರಾರ್ಥನೆ ಮಾಡಿದರು. ಸತ್ತವರನ್ನು ಅವರವರ ಮನೆಯವರೇ ಹಿತ್ತಲಿನಲ್ಲೋ ಹೊಲದಲ್ಲೋ ಹೂಳಬೇಕಿತ್ತು. ಮಾಂಪೆಸನ್ ತನ್ನ ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದ. ಇದನ್ನು ಮುಚ್ಚಿಡದೆ ಹೇಳುತ್ತಾರೆ, ಅದು ನನಗೆ ಒಳ್ಳೆಯದು ಅನ್ನಿಸಿತು. ಅವನ ಹೆಂಡತಿ ಕ್ಯಾಥರೀನ್ ಮಾತ್ರ ಊರು ಬಿಡಲಿಲ್ಲ. ರೋಗಿಗಳನ್ನು ನೋಡಿಕೊಂಡು ಅಲ್ಲೇ ಉಳಿದಳು, ಆಗಸ್ಟ್‌ನಲ್ಲಿ ಸತ್ತಳು.

ಅವಳ ಗೋರಿ ಸೇಂಟ್ ಲಾರೆನ್ಸ್ ಚರ್ಚಿನ ಅಂಗಳದಲ್ಲಿದೆ. ಹತ್ತಿರದಲ್ಲೇ 8ನೇ ಶತಮಾನದ ಕಲ್ಲಿನ ಶಿಲುಬೆ ಇದೆ, ಅದರ ಮೈತುಂಬ ಬಳ್ಳಿಯ ಹಾಗೆ ಕೆತ್ತನೆ. ಅಮ್ಮ ಹಳೇಬೀಡು ನೋಡಿದವಳು, ಸುಲಭಕ್ಕೆ ಕೆತ್ತನೆ ಮೆಚ್ಚುವವಳಲ್ಲ. ಆದರೂ ಅದರ ಮುಂದೆ ಸುಮಾರು ಹೊತ್ತು ನಿಂತಳು.

ಚರ್ಚಿನ ಪಕ್ಕದಲ್ಲೇ ಪ್ಲೇಗ್ ಕಾಟೇಜ್‌ಗಳ ಸಾಲು. ಒಂದೊಂದರ ಮುಂದೆಯೂ ಹಸಿರು ಬೋರ್ಡು, ಆ ಮನೆಯಲ್ಲಿ ಯಾರು ಯಾರು ಸತ್ತರು ಅಂತ ಹೆಸರು. ವಿಕರ್ಸ್ ಇದ್ದ ಮನೆಯ ಮೇರಿ ಒಬ್ಬಳೇ ಬದುಕಿ ಉಳಿದಳು, ಅವಳ ಬಂಧುಗಳಲ್ಲಿ 13 ಜನ ಹೋದರು. ಬೋರ್ಡಿನ ಹಿಂದೆ ಹೂವಿನ ಗಿಡ, ಕಿಟಕಿಯಲ್ಲಿ ಪರದೆ. "ಇಲ್ಲಿ ಈಗ್ಲೂ ಜನ ಇದಾರಾ?" ಅಂತ ಅಮ್ಮ ಕೇಳಿದಳು. ಇದ್ದಾರೆ. ಅದಕ್ಕೇ ಹೇಳುತ್ತೇನೆ, ಬೋರ್ಡು ಓದಿ, ಫೋಟೋ ತೆಗೆಯಿರಿ, ಆದರೆ ಕಿಟಕಿಯಲ್ಲಿ ಇಣುಕಬೇಡಿ. ಗೇಟಿನ ಒಳಗೆ ಕಾಲಿಡಬೇಡಿ.

ಚರ್ಚಿನ ಒಳಗೆ ಒಬ್ಬ ಅಜ್ಜಿ ಹೂ ಜೋಡಿಸುತ್ತಿದ್ದರು. ನಾವು ಮಾತಾಡುತ್ತಿದ್ದ ಭಾಷೆ ಯಾವುದು ಅಂತ ಕೇಳಿದರು, ಹಾಗೆ ಮಾತು ಶುರುವಾಯಿತು. ಹುಟ್ಟಿದ್ದು ಬೆಳೆದದ್ದು ಎಲ್ಲ ಆ ಊರಿನಲ್ಲೇ. ಆಗಸ್ಟ್ ತಿಂಗಳ ಕೊನೆಯ ಭಾನುವಾರ ಪ್ಲೇಗ್ ಸಂಡೆ, ಪ್ಲೇಗಿನಲ್ಲಿ ಸತ್ತವರನ್ನು ನೆನೆಯುವ ದಿನ. ಚಿಕ್ಕವರಿದ್ದಾಗ ಮೆರವಣಿಗೆಯಲ್ಲಿ ಕಕ್‌ಲೆಟ್ ಡೆಲ್ಫ್ ಬಯಲಿಗೆ ನಡೆದುಕೊಂಡು ಹೋಗುತ್ತಿದ್ದೆವು ಅಂದರು. ಹೊಸ ಶೂ ಹಾಕಿಸುತ್ತಿದ್ದರಂತೆ, ಕಾಲು ಕಚ್ಚಿ ಗುಳ್ಳೆ ಬರುತ್ತಿತ್ತಂತೆ. ಶೂ ಮಾಡುತ್ತಿದ್ದದ್ದೂ ಅದೇ ಊರಿನ ಫ್ಯಾಕ್ಟರಿಯಲ್ಲಿ, ಅವರ ಅಮ್ಮ ಅಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅದಕ್ಕೂ ಹಿಂದೆ ಊರಿನ ಗಂಡಸರು ಸೀಸದ ಗಣಿಗೆ ಇಳಿಯುತ್ತಿದ್ದರು. "ಬಂದವರೆಲ್ಲ ಪ್ಲೇಗ್ ವಿಷಯ ಮಾತ್ರ ಕೇಳುತ್ತಾರೆ, ನಮ್ಮೂರಲ್ಲಿ ಆಮೇಲೂ 350 ವರ್ಷ ಜನ ಬಾಳಿದ್ದಾರೆ" ಅಂದರು. ಬೇಜಾರಿನಿಂದ ಹೇಳಲಿಲ್ಲ, ಹಾಗೇ ಹೇಳಿದರು. ನಿಮಗೆ ಅಲ್ಲಿಯ ಹಿರಿಯರು ಯಾರಾದರೂ ಸಿಕ್ಕರೆ ಗಣಿ, ಶೂ ಫ್ಯಾಕ್ಟರಿ ಬಗ್ಗೆಯೂ ಕೇಳಿ. ಮುಖ ಅರಳುತ್ತದೆ.

ಊಟಕ್ಕೆ ಸಸ್ಯಾಹಾರಿಗಳು ಜಾಸ್ತಿ ಯೋಚನೆ ಮಾಡಬೇಕಿಲ್ಲ. ಟೀ ರೂಮಿನಲ್ಲಿ ಚೀಸ್ ಸ್ಯಾಂಡ್‌ವಿಚ್, ಬೇಯಿಸಿದ ಆಲೂಗಡ್ಡೆ, ಸ್ಕೋನ್ ಸಿಗುತ್ತವೆ. ಪಕ್ಕದ ಬೇಕ್‌ವೆಲ್ ಊರಿನ ಪುಡ್ಡಿಂಗ್ ಹೆಸರುವಾಸಿ, ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ. ನಾವು ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆವು. ಊರ ನಡುವಿನ ಹುಲ್ಲುಹಾಸಿನ ಬೆಂಚಿನಲ್ಲಿ ಕೂತು ತಿಂದೆವು.

ಇನ್ನು ಊರಂಚಿನ ಕಲ್ಲು. ಇದನ್ನು ಮಾತ್ರ ತಪ್ಪಿಸಬೇಡಿ. ಚೌಕದಿಂದ ಲಿಡ್‌ಗೇಟ್ ಬೀದಿ ಹಿಡಿದು, ಮಿಲ್ ಲೇನ್ ದಾಟಿದರೆ ಹೊಲದ ಕಾಲುದಾರಿ ಸಿಗುತ್ತದೆ. ಅದು ಸ್ಟೋನಿ ಮಿಡಲ್ಟನ್ ಅನ್ನುವ ಪಕ್ಕದ ಊರಿನ ಕಡೆ ಹೋಗುತ್ತದೆ. ನಮಗೆ ಅರ್ಧ ಗಂಟೆ ಬೇಕಾಯಿತು, ಮಂಡಿ ಗಟ್ಟಿಯಿರುವವರಿಗೆ ಅಷ್ಟು ಬೇಡ. ಮಳೆ ಬಂದಿದ್ದರೆ ಕೆಸರು, ಹಿಡಿತವಿರುವ ಶೂ ಹಾಕಿಕೊಳ್ಳಿ. ಕುರಿ, ದನ ಮೇಯುತ್ತಿರುತ್ತವೆ, ಗೇಟು ತೆಗೆದರೆ ಹಾಕಿಕೊಂಡೇ ಮುಂದೆ ಹೋಗಿ.

ನೋಡಲು ಅದು ಸುಮ್ನೆ ಒಂದು ಬಂಡೆ. ಹುಲ್ಲಿನಲ್ಲಿ ಕೂತಿದೆ. ಮೇಲೆ ಆರು ಗುಂಡಿ. ಊರೊಳಗಿನವರು ಆ ಗುಂಡಿಗಳಲ್ಲಿ ವಿನೆಗರ್ ತುಂಬಿ ದುಡ್ಡು ಹಾಕಿಡುತ್ತಿದ್ದರು. ವಿನೆಗರ್‌ನಲ್ಲಿ ರೋಗ ಸಾಯುತ್ತದೆ ಅನ್ನುವ ನಂಬಿಕೆ. ಹೊರಗಿನವರು ಬಂದು ಊಟದ ಸಾಮಾನು ಇಟ್ಟು, ದುಡ್ಡು ತೆಗೆದುಕೊಂಡು ಹೋಗುತ್ತಿದ್ದರು. ಗ್ರಿಂಡಲ್‌ಫರ್ಡ್ ದಾರಿಯಲ್ಲಿರುವ ಮಾಂಪೆಸನ್ ಬಾವಿ ಹತ್ತಿರವೂ ಹೀಗೇ ನಡೆಯುತ್ತಿತ್ತು. ಗುಂಡಿಗಳ ಅಂಚು ಸವೆದು ನುಣ್ಣಗಾಗಿದೆ. ಈಗ ನೋಡಲು ಬಂದವರು ಚಿಲ್ಲರೆ ಹಾಕಿ ಹೋಗುತ್ತಾರೆ, ನಾವು ಹೋದಾಗ ಮೂರು ಗುಂಡಿಯಲ್ಲಿ ಮಳೆನೀರು ನಿಂತು ಒಳಗೆ ಕಪ್ಪಾದ ಪೆನ್ನಿಗಳಿದ್ದವು.

ಅಮ್ಮ ಬಗ್ಗಿ ಒಂದು ಗುಂಡಿಯೊಳಗೆ ಬೆರಳಿಟ್ಟಳು. "ನಮ್ಮಮ್ಮನೂ ಹಿಂಗೇ ಹೇಳ್ತಿದ್ಲು" ಅಂದಳು.

ನನಗೆ ಗೊತ್ತಿರದ ಕಥೆ ಅದು. ನಮ್ಮ ಕಡೆ ಇಲಿ ಬಿದ್ದರೆ ಊರು ಬಿಡುವುದು ರೂಢಿ. 1898ರ ಪ್ಲೇಗ್ ಆದಮೇಲೆ ಬೆಂಗಳೂರಿನ ಪೇಟೆಯ ಜನ ಬಸವನಗುಡಿ, ಮಲ್ಲೇಶ್ವರದ ಕಡೆ ಹೋದದ್ದು ಎಲ್ಲರಿಗೂ ಗೊತ್ತಿದೆ. ಹಳ್ಳಿಗಳಲ್ಲೂ ಹಾಗೇ. ನನ್ನ ಅಜ್ಜಿ ಏಳೆಂಟು ವರ್ಷದವಳಿದ್ದಾಗ ಊರೆಲ್ಲ ಖಾಲಿ ಮಾಡಿ ಹೊಲದಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿಕೊಂಡರಂತೆ. ಪಕ್ಕದೂರಿನ ನೆಂಟರೊಬ್ಬರು ರಾಗಿ ಹಿಟ್ಟು ತಂದು ಬದುವಿನ ಮೇಲೆ ಇಟ್ಟು, ಕೂಗಿ ಹೇಳಿ, ತಿರುಗಿ ನೋಡದೆ ಹೋಗುತ್ತಿದ್ದರಂತೆ. ಅವರು ಕಣ್ಮರೆಯಾಗುವವರೆಗೂ ಮಕ್ಕಳು ಅಲ್ಲಾಡಬಾರದು. ಆಮೇಲೆ ಓಡಿಹೋಗಿ ಎತ್ತಿಕೊಂಡು ಬರುವುದು ಅಜ್ಜಿಯ ಕೆಲಸ. ನಾವು ಊರು ಬಿಟ್ಟವರು, ಈಮ್‌ನವರು ಊರಲ್ಲೇ ಉಳಿದವರು. ಆದರೆ ಬದುವಿಗೂ ಈ ಬಂಡೆಗೂ ಕೆಲಸ ಒಂದೇ ಆಗಿತ್ತು.

ಶಕ್ತಿ ಉಳಿದಿದ್ದರೆ ರೈಲಿ ಗ್ರೇವ್ಸ್‌ಗೂ ಹೋಗಿ. ಊರಿನ ಪೂರ್ವ ತುದಿಯಿಂದ ಅರ್ಧ ಮೈಲಿ, ಏರು. ಹುಲ್ಲುಗಾವಲಿನ ನಡುವೆ ದುಂಡಗೆ ಕಟ್ಟಿದ ಮೋಟುಗೋಡೆ, ಒಳಗೆ ಹ್ಯಾನ್‌ಕಾಕ್ ಮನೆಯವರ ಕಲ್ಲುಗಳು. 1666ರ ಆಗಸ್ಟ್‌ನಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ಒಬ್ಬೊಬ್ಬರನ್ನೂ ತಾನೇ ಹೂತಳು. ಅಮ್ಮ ಕಲ್ಲುಗಳನ್ನು ಬೆರಳು ಮಡಿಸಿ ಎಣಿಸಿದಳು. ನಾನು ಫೋಟೋ ತೆಗೆಯಲು ಹೋದೆ, "ಬೇಡ" ಅಂದಳು. ಅಲ್ಲಿ ಬೆಂಚಿದೆ ಅಂತ ನಂಬಿಕೊಂಡು ಹೋಗಬೇಡಿ, ಕೂರಲು ಏನಾದರೂ ಹಾಸಿಕೊಳ್ಳುವುದು ಜೊತೆಗಿರಲಿ.

ನಾನು ಆಗಲೇ ಹೇಳಿದ ಬಸ್ ಕಾಯುವ ಹೊತ್ತು ಬಂದದ್ದು ಇದೆಲ್ಲ ಆದಮೇಲೆ. ಸ್ಟಾಪಿನಲ್ಲಿ ಸಿಗ್ನಲ್ ಇತ್ತು. ಅಮ್ಮ ಊರಿಗೆ ಫೋನ್ ಮಾಡಿಸಿದಳು. ಅಲ್ಲಿ ರಾತ್ರಿ ಊಟದ ಹೊತ್ತು. "ಅಣ್ಣಾ, ಪ್ಲೇಗ್ ಬಂದಾಗ ಗುಡಿಸ್ಲು ಹಾಕಿದ್ದು ಯಾವ ಹೊಲದಲ್ಲಿ?" ಅಂತ ಕೇಳಿದಳು. ಮಾವ ಸ್ವಲ್ಪ ಯೋಚನೆ ಮಾಡಿ, "ಹಳೇ ಬಾವಿ ಪಕ್ಕದ್ದು. ಅದಕ್ಕೇ ಅಲ್ವಾ ಅದನ್ನ ಗುಡ್ಲು ಹೊಲ ಅನ್ನೋದು" ಅಂದರು. ಅಮ್ಮ ಫೋನನ್ನು ಕಿವಿಗೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಚಿಕ್ಕ ವಯಸ್ಸಿನಿಂದ ಆ ಹೊಲಕ್ಕೆ ಬುತ್ತಿ ತೆಗೆದುಕೊಂಡು ಹೋದವಳು ಅವಳು.